ಅಕ್ಕಿ ಡಬ್ಬದ ತಳ

ಈ ತಿಂಗಳು ನನ್ನ ಪಾಲಿನ ಸೊಸೈಟಿ ಅಕ್ಕಿಯನ್ನು ಬಸ್ಸಿಗೆ ಹಾಕಿ ಕಳಿಸು ಎಂದು ಫೋನಿನಲ್ಲಿ ಕೇಳಿದಾಗ ಅಮ್ಮ, "ಯಾಕವ್ವಾ, ಅಲ್ಲೇನು ಕೋಳಿ ಸಾಕಿದಿಯಾ?" ಎಂದಳು.

ಬೂಕನಕೆರೆಯ ಹತ್ತಿರದ ನಮ್ಮ ಊರಿನಲ್ಲಿ ನ್ಯಾಯಬೆಲೆ ಅಂಗಡಿಯ ಅಕ್ಕಿಗೆ ಈಗಲೂ ಸೊಸೈಟಿ ಅಕ್ಕಿ ಎಂದೇ ಹೆಸರು. ಮನೆಯ ಕಾರ್ಡಿನಲ್ಲಿ ನನ್ನ ಹೆಸರೂ ಇದೆ; ಓದಲು ಹೊರಗೆ ಹೋದ ಮೇಲೂ ಯಾರೂ ಅದನ್ನು ತೆಗೆಸಲು ಹೋಗಿಲ್ಲ. ನಮ್ಮದು ಗದ್ದೆಯ ಅಕ್ಕಿ ಉಣ್ಣುವ ಮನೆ. ಸೊಸೈಟಿಯದು ದೋಸೆಗೆ ರುಬ್ಬಲು, ಮಿಕ್ಕರೆ ಕೋಳಿಗೆ. ಅದನ್ನೇ ಬೇಯಿಸಿ ಎರಡು ಹೊತ್ತೂ ಉಣ್ಣುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಊಟದ ಹೊತ್ತಿಗೆ ಅವರ ಮನೆಗಳ ಒಳಗೆ ನಾನು ಯಾವತ್ತೂ ಹೋದವಳಲ್ಲ.

"ದೋಸೆಗೆ," ಎಂದೆ.

"ಅಷ್ಟೂ ದೋಸೆಗಾ? ಓಟ್ಲು ಮಡಗ್ತೀಯಾ ಏನು?"

ನಿಜವಾದ ಕಾರಣ ಹೇಳಲು ನಾಚಿಕೆಯಾಯಿತು. ನಾನು ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಹಿಂದಿನ ವಾರ ಆಹಾರ ಭದ್ರತೆಯ ಪಾಠ ಮಾಡುತ್ತಿದ್ದೆ. ಒಬ್ಬ ಮನುಷ್ಯನಿಗೆ ತಿಂಗಳಿಗೆ ಸಿಗುವ ಧಾನ್ಯ ಒಂದು ಕಡೆ, ಅವನ ದೇಹಕ್ಕೆ ಬೇಕಾದದ್ದು ಇನ್ನೊಂದು ಕಡೆ, ಹೀಗೆ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳಿಗೆ, "ಅಷ್ಟ್ರಲ್ಲೇ ಮೇಡಮ್ಮನ್ನ ಒಂದ್ ತಿಂಗ್ಳು ಬುಟ್ಟು ನೋಡ್ಬೇಕು ಕಣೇ," ಎಂದಳು. ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ಮಧ್ಯಾಹ್ನದ ತೂಕಡಿಕೆಯನ್ನು ಓಡಿಸುವ ನಗು. ನಾನು ಕೇಳಿಸದವಳಂತೆ ಬರೆಯುತ್ತಾ ಹೋದೆ. ಆದರೆ ಸಂಜೆ ಬಸ್ಸಿನಲ್ಲಿ ಪಾಂಡವಪುರಕ್ಕೆ ವಾಪಸು ಬರುವಾಗ ಆ ಮಾತು ಪಕ್ಕದ ಸೀಟಿನಲ್ಲಿ ಕೂತೇ ಬಂತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಕಲಿಸುತ್ತಿದ್ದ ವಿಷಯದ ರುಚಿಯೇ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಒಂದು ತಿಂಗಳು ನನ್ನ ಪಾಲಿನ ಸೊಸೈಟಿ ಅಕ್ಕಿ, ಅದರ ಜೊತೆಗೆ ಕೂಲಿಗೆ ಹೋಗುವ ಹೆಂಗಸೊಬ್ಬಳು ತನ್ನೊಬ್ಬಳ ಹೊಟ್ಟೆಗೆ ಎತ್ತಿಡಬಹುದಾದಷ್ಟೇ ದುಡ್ಡಿನ ಬೇಳೆ, ಎಣ್ಣೆ, ಸೊಪ್ಪು. ಇಷ್ಟರಲ್ಲೇ ಉಣ್ಣಬೇಕು ಎಂದು ತೀರ್ಮಾನಿಸಿದೆ. ಹಾಲಿಲ್ಲ, ಬೋಂಡವಿಲ್ಲ, ಸ್ಟಾಫ್ ರೂಮಿನಲ್ಲಿ ಬೇರೆಯವರ ಡಬ್ಬಿಗೆ ಕೈ ಹಾಕುವಂತಿಲ್ಲ. ಆ ಸಲ ಸೊಸೈಟಿಯಲ್ಲಿ ರಾಗಿ ಬಂದಿರಲಿಲ್ಲ, ಪೂರ್ತಿ ಅಕ್ಕಿಯೇ. ಯಾರಿಗೂ ಹೇಳುವುದು ಬೇಡ ಎಂಬುದೂ ತೀರ್ಮಾನದ ಒಂದು ಭಾಗವಾಗಿತ್ತು. ಹೇಳಿಕೊಂಡು ಮಾಡಿದರೆ ಅದು ನಾಟಕವಾಗುತ್ತದೆ ಎಂದುಕೊಂಡಿದ್ದೆ.

ಆದರೆ ಮನೆಯಲ್ಲಿ ನಾನೊಬ್ಬಳೇ ಇರಲಿಲ್ಲ. ಅಮ್ಮನ ಅಮ್ಮ, ನನ್ನ ಅಜ್ಜಿ, ಜೊತೆಗಿದ್ದಳು. ಅವಳ ಒಂದು ಕಣ್ಣಿನ ಪೊರೆ ತೆಗೆಸಿತ್ತು, ಇನ್ನೊಂದು ಬಾಕಿ. ಆಸ್ಪತ್ರೆಗೆ ಓಡಾಡಲು ಊರಿಗಿಂತ ಪಾಂಡವಪುರವೇ ಅನುಕೂಲವೆಂದು ನನ್ನ ಬಾಡಿಗೆ ಮನೆಯಲ್ಲೇ ಉಳಿದಿದ್ದಳು. ಕಾಣುತ್ತಿತ್ತು, ಆದರೆ ಹೊಗೆಯ ಹಿಂದಿನಿಂದ ನೋಡಿದ ಹಾಗೆ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ತಿಳಿಯುತ್ತಿತ್ತು, ಯಾರು ಎನ್ನುವುದು ದನಿಯಿಂದಲೇ ಗೊತ್ತಾಗಬೇಕು. ಜೊತೆಗೆ ಸಕ್ಕರೆ ಕಾಯಿಲೆ; ಸಂಜೆಗೊಂದು ಮಾತ್ರೆ.

ಅಜ್ಜಿಯನ್ನು ನನ್ನ ಪ್ರಯೋಗದಿಂದ ಹೊರಗಿಡುವುದರಲ್ಲಿ ನಾನು ಬಹಳ ಎಚ್ಚರ ವಹಿಸಿದೆ. ಅವಳದು ಊರಿನ ಗದ್ದೆಯ ಅಕ್ಕಿ, ನನ್ನದು ಸೊಸೈಟಿಯದು. ಎರಡೂ ಬೆರೆಯಬಾರದೆಂದು, ಅಡುಗೆಮನೆಯ ಮೂಲೆಯಲ್ಲಿದ್ದ ಗದ್ದೆ ಅಕ್ಕಿಯ ಚೀಲವನ್ನು ಸ್ಟೂಲು ಹಾಕಿಕೊಂಡು ಮೇಲಿನ ಸಜ್ಜಾಕ್ಕೆ ಏರಿಸಿದೆ. ಅದಿದ್ದ ಜಾಗದಲ್ಲಿ ನನ್ನ ಡಬ್ಬ ಇಟ್ಟೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಅಜ್ಜಿಗೆ ರಾಗಿಮುದ್ದೆ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದೆ. ರಾತ್ರಿ ಇಬ್ಬರಿಗೂ ಅನ್ನ. ಮೇಲಿನ ಚೀಲದಿಂದ ಅವಳ ಅಳತೆ, ಕೆಳಗಿನ ಡಬ್ಬದಿಂದ ನನ್ನ ಅಳತೆ, ಎರಡೂ ಒಂದೇ ಪಾತ್ರೆಯಲ್ಲಿ. ಎರಡು ಒಲೆ ಹಚ್ಚಿದರೆ ಗ್ಯಾಸು ದಂಡವೆಂದು ಅಷ್ಟರ ಮಟ್ಟಿಗೆ ರಾಜಿ ಮಾಡಿಕೊಂಡೆ.

ಮೊದಲ ಕೆಲವು ದಿನ ಏನೂ ಅನ್ನಿಸಲಿಲ್ಲ. ಹೊಸ ಕೆಲಸದ ಉತ್ಸಾಹವೇ ಹೊಟ್ಟೆ ತುಂಬಿಸುತ್ತಿತ್ತು. ಆಮೇಲೆ ಶುರುವಾಯಿತು. ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಬರೀ ಅನ್ನ ನಿಲ್ಲುವುದಿಲ್ಲ. ಬೆಳಿಗ್ಗೆ ಉಂಡದ್ದು ಮಧ್ಯಾಹ್ನದ ಗಂಟೆಗೆ ಮುಂಚೆಯೇ ಕರಗಿ ಹೋಗಿರುತ್ತಿತ್ತು. ಹಸಿವೆಂದರೆ ಹೊಟ್ಟೆಯಲ್ಲಿ ಆಗುವ ನೋವು ಎಂದುಕೊಂಡಿದ್ದೆ. ನನಗೆ ಅದು ಹೆಚ್ಚಾಗಿ ಗಮನದ ಕಾಯಿಲೆಯಾಗಿ ಕಂಡಿತು. ಪಾಠದ ಮಧ್ಯೆ ವಾಕ್ಯ ಎಲ್ಲಿಗೆ ಹೊರಟಿತ್ತೆಂದು ಮರೆಯುತ್ತಿತ್ತು. ಬಸ್ಸು ಆಲೆಮನೆಯ ಪಕ್ಕ ಹಾದುಹೋಗುವಾಗ ಕಾಯುವ ಕಬ್ಬಿನ ಹಾಲಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಹುಟ್ಟಿದಾಗಿನಿಂದ ಕುಡಿದ ವಾಸನೆ, ಮೂಗು ಅದನ್ನು ಮರೆತೇ ಬಿಟ್ಟಿತ್ತು. ಈಗ ಆ ತಿರುವು ಬರುವುದಕ್ಕೆ ಮುಂಚೆಯೇ ಬಾಯಲ್ಲಿ ನೀರು ತುಂಬುತ್ತಿತ್ತು. ಪಕ್ಕದಲ್ಲಿ ಕೂತವರು ನೋಡುತ್ತಾರೇನೋ ಎಂದು ಕರ್ಚೀಫು ಹಿಡಿದುಕೊಳ್ಳುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಡಬ್ಬಿ ನೋಡಿ, "ಏನ್ ಮೇಡಂ, ಡಯಟ್ಟಾ?" ಎಂದರು.

"ಹೌದು," ಎಂದೆ.

"ಮದ್ವೆ ಗಿದ್ವೆ ಗೊತ್ತಾಯ್ತಾ? ಅನ್ನ ತಿಂದ್ಕೊಂಡು ಡಯಟ್ ಮಾಡೋರ್ನ ಇವತ್ತೇ ನಾನ್ ನೋಡಿದ್ದು!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಬಳ ತರುವ ಹೆಂಗಸು ಕಮ್ಮಿ ಉಂಡರೆ ಜನರಿಗೆ ಬೇರೆ ಯಾವ ಕಾರಣವೂ ಹೊಳೆಯುವುದಿಲ್ಲ ಎಂದು ಆಗ ಅನ್ನಿಸಿತ್ತು. ಮನೆಯಲ್ಲಿ ಒಬ್ಬಳಿಗೆ ಬೇರೆ ಕಾರಣ ಹೊಳೆದಿತ್ತು. ಅದು ನನಗೆ ಗೊತ್ತಿರಲಿಲ್ಲ.

ಅಜ್ಜಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಮುಖ ತೊಳೆದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅಕ್ಕಿಯಲ್ಲಿ ಕೈ ಅದ್ದಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಚಿಕ್ಕಂದಿನಿಂದ ನೋಡಿದ್ದೇ. ದೇವರಿಗೆ ಕೈಮುಗಿದಂತೆ ಅದೂ ಒಂದು ಎಂದು ನಾನು ತಿಳಿದಿದ್ದೆ.

ಇನ್ನೊಂದು ಅಭ್ಯಾಸ, ಎಲ್ಲರದೂ ಆದ ಮೇಲೆ ಉಣ್ಣುವುದು. ಅದೂ ಅಡುಗೆಮನೆಯಲ್ಲಿ, ಒಬ್ಬಳೇ, ಬಾಗಿಲಿಗೆ ಬೆನ್ನು ಹಾಕಿ. ನಾವಿಬ್ಬರೇ ಇದ್ದಾಗಲೂ ಅದನ್ನು ಬಿಟ್ಟಿರಲಿಲ್ಲ. "ಜೊತೆಗೇ ಬಾ ಅಜ್ಜಿ," ಎಂದರೆ, "ನೀ ಉಣ್ಣವ್ವ, ನಂದು ಆಮ್ಯಾಕೆ," ಎನ್ನುತ್ತಿದ್ದಳು. ಬಡಿಸಿ ಕೊಡುತ್ತೇನೆ ಎಂದರೂ ಒಪ್ಪುತ್ತಿರಲಿಲ್ಲ; ಪಾತ್ರೆ, ಸೌಟು, ತಟ್ಟೆ ಎಲ್ಲಿವೆ ಎಂದು ಅವಳ ಕೈಗೆ ಗೊತ್ತಿತ್ತು. ನಾನು ಮುಂದಿನ ಕೋಣೆಯಲ್ಲಿ ಮರುದಿನದ ಪಾಠ ಓದಿಕೊಳ್ಳುತ್ತಿದ್ದೆ. ಒಳಗಿನಿಂದ ತಟ್ಟೆಯ ಸದ್ದು, ಚೊಂಬಿನ ಸದ್ದು ಬರುತ್ತಿತ್ತು. ಊಟವಾಯಿತು ಎಂದು ಲೆಕ್ಕ.

ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ತಂಗಳನ್ನ ನಾನು ಎಣಿಸಿದ್ದಕ್ಕಿಂತ ಹೆಚ್ಚಿರುತ್ತಿತ್ತು. ಹಸಿದವಳ ಕಣ್ಣು ಇಂಥದ್ದನ್ನು ತಪ್ಪಿಸಿಕೊಳ್ಳುವುದಿಲ್ಲ. ನನ್ನ ಅಳತೆ ಸರಿಯಾಗಿ ಕೂಡಿಬರುತ್ತಿದೆ, ಸೊಸೈಟಿ ಅಕ್ಕಿ ಅನ್ನ ಜಾಸ್ತಿ ಆಗುತ್ತದೆ ಎಂದು ಜನ ಹೇಳುವುದು ನಿಜವಿರಬೇಕು ಎಂದುಕೊಂಡೆ. ಈರುಳ್ಳಿ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕಲಸಿ ನಿಂತುಕೊಂಡೇ ತಿಂದು, ಬೆರಳು ನೆಕ್ಕಿ ಬಸ್ಸಿಗೆ ಓಡುತ್ತಿದ್ದೆ. ಆ ತಿಂಗಳಿನಲ್ಲಿ ನನಗೆ ಅತ್ಯಂತ ಇಷ್ಟವಾದ ಊಟ ಅದೇ.

ಪಕ್ಕದ ಮನೆಯ ಸಾಬರ ಹೆಂಗಸು ಬ್ಲೌಸು ಹೊಲಿಯುತ್ತಾಳೆ. ಅವಳ ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಮಧ್ಯಾಹ್ನ ನಾನಿಲ್ಲದಾಗ ಅವಳು ಹೊಲಿಗೆಯ ಬಟ್ಟೆ ತಂದು ನಮ್ಮ ಜಗಲಿಯಲ್ಲಿ ಕೂತು ಅಜ್ಜಿಯ ಜೊತೆ ಮಾತಾಡುವುದಿತ್ತು. ನಾನು ಯಾರ ಮನೆಯ ಬಾಗಿಲನ್ನೂ ಸುಮ್ಮನೆ ತಟ್ಟುವವಳಲ್ಲ. ಅವಳ ಜೊತೆ ನನ್ನ ಬಳಕೆ ನಕ್ಕು ತಲೆಯಾಡಿಸುವಷ್ಟೇ.

ಒಂದು ಬೆಳಿಗ್ಗೆ ಹೊರಗೆ ಬೆಳಕು ಹರಿಯುತ್ತಿತ್ತು. ನನಗಿಂತ ಮುಂಚೆ ಏಳುವ ಅಜ್ಜಿ ಇನ್ನೂ ಚಾಪೆಯಲ್ಲೇ ಇದ್ದಳು. ಮುಟ್ಟಿದೆ. ಸೀರೆ ಬೆವರಿನಿಂದ ಒದ್ದೆಯಾಗಿತ್ತು, ಮೈ ತಣ್ಣಗೆ, ಕೈ ಗಡಗಡ ನಡುಗುತ್ತಿತ್ತು. ಕರೆದರೆ ಏನೋ ಹೇಳಿದಳು, ಮಾತು ಕೂಡಲಿಲ್ಲ. ನನ್ನನ್ನು ಅಮ್ಮನ ಹೆಸರಿನಿಂದ ಕರೆದಳು. ಸಕ್ಕರೆ ಇಳಿದಿದೆ ಎಂದು ನನಗೆ ತಿಳಿಯಿತು, ಆಸ್ಪತ್ರೆಯಲ್ಲಿ ಹೇಳಿದ್ದರು. ಅಡುಗೆಮನೆಗೆ ಓಡಿ ಡಬ್ಬಗಳನ್ನೆಲ್ಲ ತೆರೆದೆ. ಅಜ್ಜಿಗೆ ಆಗುವುದಿಲ್ಲ ಎಂದು ಸಕ್ಕರೆಯನ್ನು ಮೊದಲೇ ತರುತ್ತಿರಲಿಲ್ಲ, ನನಗೆ ಬೇಡ ಎಂದು ಆ ತಿಂಗಳು ಬೆಲ್ಲವನ್ನೂ ಬಿಟ್ಟಿದ್ದೆ. ಬೀದಿಗೆ ಹತ್ತು ಹೆಜ್ಜೆ ಇಟ್ಟರೆ ಬೆಲ್ಲದ ವಾಸನೆ ಬರುವ ಊರಿನಲ್ಲಿ ನನ್ನ ಮನೆಯಲ್ಲಿ ಸಿಹಿಯ ಒಂದು ಹರಳೂ ಇರಲಿಲ್ಲ.

ಪಕ್ಕದ ಮನೆಯ ಬಾಗಿಲು ಬಡಿದೆ. ಅವಳು ತಲೆಗೆ ಸೆರಗು ಹೊದೆಯುತ್ತಲೇ ಬಂದಳು. "ಸಕ್ಕರೆ, ಅಜ್ಜಿಗೆ," ಎಂದಷ್ಟೇ ನನ್ನ ಬಾಯಿಂದ ಬಂತು. "ಯಾ ಅಲ್ಲಾ," ಎಂದು ಒಳಗೆ ಹೋದವಳು ಲೋಟದ ತುಂಬಾ ಸಕ್ಕರೆ ಹಿಡಿದು ನನಗಿಂತ ಮುಂದೆ ಓಡಿದಳು. ಅಜ್ಜಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಒದ್ದೆ ಬೆರಳಿನಿಂದ ಸಕ್ಕರೆ ತೆಗೆದು ಕೆನ್ನೆಯ ಒಳಗೆ ಸವರಿದಳು. "ನುಂಗಿ ಅಜ್ಜಿ. ಹಾಂ, ಹಂಗೆ. ಬಾಯಿ ಬಿಡಿ. ನನ್ ಬೆರಳು ಕಚ್ಬೇಡಿ ಮತ್ತೆ, ಇದರಲ್ಲೇ ನಾನು ಹೊಲಿಯೋದು."

ಸ್ವಲ್ಪ ಹೊತ್ತಿಗೆ ಅಜ್ಜಿಯ ನೋಟ ಸ್ಥಿಮಿತಕ್ಕೆ ಬಂತು. "ಯಾರು, ಟೈಲರಮ್ಮನಾ?" ಎಂದಳು. ಆ ಮಾತು ಕೇಳಿ ನಾನು ಅಲ್ಲೇ ಕೂತುಬಿಟ್ಟೆ.

ಅವಳ ಗಂಡನ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಸೂಜಿ ಚುಚ್ಚಿ ನೋಡಿ, "ಮಾತ್ರೆ ತಗೊಂಡು ಊಟ ಬಿಟ್ಟಿದ್ದಾರೆ," ಎಂದರು.

"ಇಲ್ಲ, ರಾತ್ರಿ ಊಟ ಮಾಡಿದ್ದಾರೆ," ಎಂದೆ. ಖಚಿತವಾಗಿ ಹೇಳಿದೆ. ತಟ್ಟೆಯ ಸದ್ದು ಕೇಳಿದ್ದೆನಲ್ಲ.

ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಹೊರಗೆ ಔಷಧಿಗೆ ಕಾಯುವಾಗ ಪಕ್ಕದ ಮನೆಯವಳು ಬಹಳ ಸಂಕೋಚದಿಂದ, "ಮೇಡಂ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಸಂಬ್ಳ ಇನ್ನೂ ಬಂದಿಲ್ವಾ?" ಎಂದಳು.

"ಬಂದಿದೆ. ಯಾಕೆ?"

"ಬಂದಿದ್ಯಾ?" ಅವಳು ನನ್ನನ್ನೇ ನೋಡಿದಳು. "ಬಂದಿಲ್ಲ ಅಂತ ಅಜ್ಜಿ ಹೇಳಿದ್ರು. ಕಾಲೇಜಿನಲ್ಲಿ ನಿಲ್ಸಿಬಿಟ್ಟವ್ರೆ, ಮಗು ಬಾಯಿ ಬಿಟ್ಟು ಹೇಳ್ತಿಲ್ಲ ಅಂದ್ರು. ನಾನು ಒಂದ್ಸೇರು ಅಕ್ಕಿ ಕೊಡ್ತೀನಿ ಅಂದೆ. ಬ್ಯಾಡ ಕಣವ್ವ, ಅವ್ಳಿಗೆ ಮಾನ ಓಯ್ತದೆ ಅಂತ ಆಣೆ ಇಡಿಸಿಕೊಂಡ್ರು. ಯಾರಿಗೂ ಹೇಳಬಾರದು ಅಂತ. ಇವತ್ತು ಹೇಳಿಬಿಟ್ಟೆ, ಏನ್ಮಾಡ್ಲಿ."

ಮನೆಗೆ ಬಂದು, ಅಜ್ಜಿಗೆ ಗಂಜಿ ಕುಡಿಸಿ, ಕಾಲೇಜಿಗೆ ರಜೆ ಹೇಳಿ, ಅವಳ ಚಾಪೆಯ ಪಕ್ಕ ಕೂತೆ. ನಮ್ಮಿಬ್ಬರಿಗೂ ಮಾತು ಶುರುಮಾಡುವುದು ಕಷ್ಟ. ಅಮ್ಮ ಹೇಳುವಂತೆ ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವರು.

"ರಾತ್ರಿ ಉಣ್ಣುತ್ತಿರಲಿಲ್ಲವಾ ಅಜ್ಜಿ?"

"ಉಣ್ತಿದ್ದೆ. ಒಂದ್ ತುತ್ತು."

"ತಟ್ಟೆ ಸದ್ದು ಕೇಳುತ್ತಿತ್ತು."

"ಕೇಳ್ಲಿ ಅಂತಲೇ ಮಾಡ್ತಿದ್ದುದು," ಎಂದಳು. "ಡಬ್ಬದಾಗೆ ಕೈ ಆಕ್ದೆ ಕಣವ್ವ. ತಳ ಸಿಕ್ತು. ಮಾರನೇ ದಿನ ಆಕ್ದೆ, ಇನ್ನೂ ಬ್ಯಾಗ ಸಿಕ್ತು. ಚೀಲ ಎಲ್ಲೋ ಓಯ್ತು. ನೀನು ಕಾಪಿ ಬುಟ್ಟೆ, ಆಲು ಬುಟ್ಟೆ. ನನಗೆ ಮಾತ್ರ ಮುದ್ದೆ ತಿರುವಿ ಮಡಗಿ ಓಯ್ತಿದ್ದೆ. ತಿಳೀದಾ ನಂಗೆ?"

"ನನ್ನನ್ನ ಕೇಳಬಹುದಾಗಿತ್ತಲ್ಲ."

"ಏನಂತ ಕೇಳನ? ದುಡಿಯೋ ಮಗೀನ ಮುಂದೆ ಕೂತ್ಕಂಡು, ಮನೇಲಿ ಅನ್ನ ಅದಾ ಅಂತ ಕೇಳಾದಾ?"

"ಚೀಲ ಮೇಲೆ ಇತ್ತು ಅಜ್ಜಿ. ಸಜ್ಜಾ ಮೇಲೆ. ನಿನ್ನ ಅಕ್ಕಿ ಅದು."

"ಮ್ಯಾಲೆ ಇದ್ರೆ ನನ್ ಕೈಗೆ ಎಂಗೆ ಸಿಕ್ಕದು? ನಾನೇನು ಬೆಕ್ಕಾ?"

ಆಗ ಹೇಳಲೇಬೇಕಾಯಿತು. ಹಸಿವೆಂದರೆ ಏನು ಎಂದು ತಿಳಿದುಕೊಳ್ಳಲು ಹೀಗೆ ಮಾಡಿದೆ ಎಂದೆ. ವಾಕ್ಯ ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ವಿಚಿತ್ರವಾಗಿ ಕೇಳುತ್ತದೆ ಎಂದು ಗೊತ್ತಾಯಿತು. ಅಜ್ಜಿ ಬಹಳ ಹೊತ್ತು ಅದನ್ನು ಅರ್ಥಮಾಡಿಕೊಳ್ಳಲು ನೋಡಿದಳು.

"ಅದುಕ್ಕೆ ಕಾಲೇಜ್ನಾಗೆ ಜಾಸ್ತಿ ಸಂಬ್ಳ ಕೊಟ್ಟಾರಾ?"

"ಇಲ್ಲ."

"ಮತ್ತೆ?" ಎಂದಳು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು; ಆಪರೇಷನ್ ಆದ ಕಣ್ಣು ಒರೆಸಬೇಡ ಎಂದು ನಾನು ಕೈ ಹಿಡಿದುಕೊಂಡೆ. ಆ ಕೈ ಹಾಗೆಯೇ ನನ್ನ ಕೈಯಲ್ಲಿ ಉಳಿಯಿತು. ನಗು ನಿಂತ ಮೇಲೆ ಅವಳು ಯಾರಿಗೆ ಹೇಳುತ್ತಿದ್ದಾಳೆಂದು ಗೊತ್ತಾಗದ ದನಿಯಲ್ಲಿ ಹೇಳಿದಳು, "ನಮ್ಮವ್ವ ಉಣ್ಣದ್ನ ನಾನು ನೋಡೇ ಇಲ್ಲ. ಅವ್ವಂಗೆ ಅಸಿವಾಗಾದಿಲ್ಲ ಅಂತ್ಲೇ ತಿಳ್ಕಂಡಿದ್ದೆ, ದೊಡ್ಡೋಳಾಗಗಂಟ."

ನಾನು ಅಜ್ಜಿ ಉಣ್ಣುವುದನ್ನು ನೋಡಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಮದುವೆ ಮನೆಗಳಲ್ಲಿ, ಕಟ್ಟಕಡೆಯ ಪಂಕ್ತಿಯಲ್ಲಿ, ದೂರದಿಂದ. ಮನೆಯಲ್ಲಿ ಇಲ್ಲ. ಅವಳ ಬೆನ್ನು ಮಾತ್ರ ನೆನಪಿಗೆ ಬಂತು. ಬೆಳಿಗ್ಗೆ ನಾನು ನಿಂತುಕೊಂಡು ರುಚಿಯಾಗಿ ತಿನ್ನುತ್ತಿದ್ದದ್ದು ಅವಳು ಹಿಂದಿನ ರಾತ್ರಿ ಬಿಟ್ಟಿಟ್ಟ ಊಟ. ಬೋರ್ಡಿನ ಮೇಲೆ ನಾನು ಬರೆದದ್ದು ಒಬ್ಬ ಮನುಷ್ಯನ ಪಾಲು. ಒಬ್ಬಳ ಪಾಲು ಇನ್ನೊಬ್ಬಳ ಕಡೆಗೆ, ಬಾಯಿ ಬಿಡದೆ, ಹೀಗೆ ಜರುಗುತ್ತದೆ ಎನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಈಗ ಚೀಲ ಇದೆ, ಸಂಬಳ ಬಂದಿದೆ, ಉಣ್ಣು ಎಂದರೆ ಅವಳು ಉಣ್ಣುತ್ತಾಳೆ ಎಂದು ನಾನು ತಿಳಿದಿದ್ದೆ. ಮಧ್ಯಾಹ್ನ ಮುದ್ದೆಯಲ್ಲಿ ಅರ್ಧ ಮುರಿದು, "ಇದ್ನ ಸಂಜೀಕೆ ಮಡಗು," ಎಂದಳು. ನಾನು ಹೇಳಿದ್ದನ್ನು ಅವಳು ನಂಬಲಿಲ್ಲವೆಂದಲ್ಲ. ಮೊಮ್ಮಗಳು ಮಾನಕ್ಕೆ ಅಂಜಿ ಇಲ್ಲದ ಸಂಬಳ ಇದೆ ಎನ್ನುತ್ತಿದ್ದರೂ ಇರಬಹುದಲ್ಲ, ತಾನಾಗಿದ್ದರೆ ಹಾಗೆಯೇ ಹೇಳುತ್ತಿದ್ದೆನಲ್ಲ ಎಂಬ ಅನುಮಾನ. ಸಂಜೆಗೆ ಮತ್ತೆ ಮಾತ್ರೆಯ ಹೊತ್ತು ಬರುತ್ತದೆ. ಮಾತ್ರೆ ನುಂಗಿ ಮತ್ತೆ ಒಂದೇ ತುತ್ತು ಉಂಡರೆ ನಾಳೆ ಬೆಳಿಗ್ಗೆ ಏನಾಗುತ್ತದೆಂದು ಡಾಕ್ಟರು ಸ್ಪಷ್ಟವಾಗಿ ಹೇಳಿ ಕಳಿಸಿದ್ದರು.

ಸ್ಟೂಲು ಹಾಕಿ ಹತ್ತಿದೆ. ಚೀಲ ಇಳಿಸಲು ಒಬ್ಬಳಿಂದ ಆಗಲಿಲ್ಲ; ಏರಿಸಿದಾಗ ಇದ್ದ ಬಲ ಈಗ ತೋಳಿನಲ್ಲಿ ಇರಲಿಲ್ಲ. ಎರಡನೆಯ ಸಲ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅವಳು ಬಂದು ಕೆಳಗಿನಿಂದ ಹಿಡಿದಳು. "ಯಾರಾದ್ರೂ ಅಕ್ಕಿನ ದೇವರ ಫೋಟೋ ತರ ಮೇಲೆ ಇಡ್ತಾರಾ ಮೇಡಂ?" ಎಂದು ಬೈದಳು. ಚೀಲವನ್ನು ಹಳೆಯ ಮೂಲೆಯಲ್ಲಿ ನಿಲ್ಲಿಸಿ ಬಾಯಿ ಬಿಚ್ಚಿದೆ. ನನ್ನ ಡಬ್ಬದಲ್ಲಿ ಉಳಿದಿದ್ದ ಸೊಸೈಟಿ ಅಕ್ಕಿಯನ್ನೂ ಅದರೊಳಗೆ ಸುರಿದೆ. ದಪ್ಪ ಕಾಳು, ಸಣ್ಣ ಕಾಳು ಎರಡೂ ಬೆರೆತುಹೋದವು. ಇನ್ನು ಬೇರೆ ಮಾಡುವಂತಿರಲಿಲ್ಲ. ತಿಂಗಳು ಮುಗಿಯಲು ಇನ್ನೂ ದಿನಗಳಿದ್ದವು.

ಅಜ್ಜಿಯನ್ನು ಕರೆದುಕೊಂಡು ಬಂದು ಚೀಲದ ಮುಂದೆ ನಿಲ್ಲಿಸಿದೆ. ಅವಳು ಬಗ್ಗಿ ಕೈ ಹಾಕಿದಳು. ಮಣಿಕಟ್ಟು ಮುಳುಗಿತು, ಬಳೆಗಳು ಮುಳುಗಿದವು, ಮೊಣಕೈವರೆಗೂ ಹೋಯಿತು. ಬೆರಳು ಒಳಗೆ ತಳವನ್ನು ಹುಡುಕುತ್ತಿರುವುದು ಚೀಲದ ಹೊರಗಿನಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಕೈ ತೆಗೆದು ಕಣ್ಣಿಗೆ ಒತ್ತಿಕೊಂಡಳು.

"ಇದ್ರಾಗೆ ಸೊಸೈಟಿದೂ ಬೆರೆಸಿದ್ದೀಯಾ," ಎಂದಳು.

ಆ ಸಂಜೆ ಅನ್ನ ಮಾಡಿ, ಪಾತ್ರೆಯನ್ನೂ ಎರಡು ತಟ್ಟೆಯನ್ನೂ ಮುಂದಿನ ಕೋಣೆಗೆ ತಂದೆ. ಅಜ್ಜಿ ಒಪ್ಪಲಿಲ್ಲ. ಆಮ್ಯಾಕೆ ಎಂದಳು, ಒಳಗೇ ಉಣ್ತೀನಿ ಎಂದಳು. ನೀನು ಕೂರುವವರೆಗೆ ನಾನೂ ಕೂರುವುದಿಲ್ಲ ಎಂದೆ. ಹಟದಲ್ಲೂ ನಾವಿಬ್ಬರು ಒಂದೇ. ಕೊನೆಗೆ ಗೊಣಗಿಕೊಂಡು ಗೋಡೆಗೆ ಒರಗಿ ಕೂತಳು.

"ನೋಡ್ಬ್ಯಾಡ ಕಣವ್ವ. ನಾಚ್ಕೆ ಆಯ್ತದೆ."

ನಾನು ಅವಳ ಪಕ್ಕಕ್ಕೆ ಜರುಗಿ ಬೀದಿಯ ಕಡೆ ಮುಖ ಮಾಡಿ ಕೂತೆ. ತೆರೆದ ಬಾಗಿಲಿನ ಆಚೆ ಪಕ್ಕದ ಮನೆಯ ಹೊಲಿಗೆ ಮೆಷಿನ್ನಿನ ಸದ್ದು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅಜ್ಜಿ ಸೊಪ್ಪಿನ ಸಾರನ್ನು ಅನ್ನಕ್ಕೆ ಕಲಸುವುದು, ತುತ್ತು ಕಟ್ಟುವುದು, ಹಲ್ಲಿಲ್ಲದ ಬಾಯಲ್ಲಿ ಅದನ್ನು ನಿಧಾನವಾಗಿ ತಿರುವುವುದು ಎಲ್ಲ ಕಿವಿಗೆ ಬರುತ್ತಿತ್ತು. ಈ ಸಲ ತಟ್ಟೆಯ ಸದ್ದು ಅಷ್ಟಾಗಿ ಇರಲಿಲ್ಲ. ನಾನು ತಿರುಗಿ ನೋಡಲಿಲ್ಲ.

ಸದ್ದು ನಿಂತಿತು. ಮುಗಿಯಿತೇನೋ, ಅಷ್ಟೇ ಏನೋ ಎಂದುಕೊಂಡೆ.

"ಯವ್ವಾ," ಎಂದಳು ಬಹಳ ಸಣ್ಣ ದನಿಯಲ್ಲಿ. "ಇನ್ನೊಂದ್ ಸೌಟು ಅನ್ನ ಅದಾ?"

"ಅದೆ ಅಜ್ಜಿ," ಎಂದು ಪಾತ್ರೆಯನ್ನು ಅವಳ ಹತ್ತಿರಕ್ಕೆ ಎಳೆದೆ.